ಹೂಲಿಯ ನರ್ಸಬಾಯಿ ಮತ್ತು ಮೈ ತುಂಬಿಸುವ ಹನಿ

ಪದ್ಮವ್ವನಿಗೆ ಹೇಸಿಗೆ ಅನ್ನುವುದೇ ಇಲ್ಲ ಎಂದು ಹೂಲಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಹೆರಿಗೆಯ ರಕ್ತ, ಕೀವುಗಟ್ಟಿದ ಮೊಲೆ, ಸೆಗಣಿ ಮೆತ್ತಿ ಕೊಳೆತ ಹೊಕ್ಕುಳ, ಯಾವುದಕ್ಕೂ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಮನುಷ್ಯರ ಮೈಯಿಂದ ಬಂದ ಹೊಲಸು ಸೋಪು ಬಿಸಿನೀರಿಗೆ ಹೋಗುತ್ತದೆ ಎಂಬುದು ಆಕೆಯ ನಂಬಿಕೆ. ಕೈ ಎಷ್ಟು ತಿಕ್ಕಿದರೂ ಹೋಗದ ಹೇಸಿಗೆಯನ್ನು ಕಂಡದ್ದು ಮೂವತ್ತೈದು ತುಂಬಿದ ಮೇಲೆ.

ಆಕೆಯ ತಂದೆ ಶಂಕ್ರೆಪ್ಪ ಬೈಲಹೊಂಗಲದ ಅರಳೆ ಗಿರಣಿಯಲ್ಲಿ ಹಮಾಲನಾಗಿದ್ದವನು, ಬುದ್ಧದೀಕ್ಷೆ ತೆಗೆದುಕೊಂಡವನು. ಮಗಳನ್ನು ಏಳನೆತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿಸಿ ಮುರಗೋಡಕ್ಕೆ ಮದುವೆ ಮಾಡಿಕೊಟ್ಟ. ಎರಡೇ ವರ್ಷಕ್ಕೆ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಪದ್ಮವ್ವ ಧಾರವಾಡಕ್ಕೆ ಹೋಗಿ ಎರಡು ವರ್ಷ ಹೆರಿಗೆ ನರ್ಸಿನ ತರಬೇತಿ ಮುಗಿಸಿ, ಸರಕಾರಿ ನೌಕರಿ ಹಿಡಿದು, ಅರವತ್ತೆಂಟರಲ್ಲಿ ಹೂಲಿಗೆ ಬಂದಳು. ಮಣ್ಣಿನ ಮಾಳಿಗೆಯ ಒಂದು ಕೋಣೆ, ಒಂದು ಸ್ಪ್ರಿಂಗ್ ತಕ್ಕಡಿ, ಅಳತೆಯ ಟೇಪು, ಕಬ್ಬಿಣದ ಟ್ರಂಕಿನಲ್ಲಿ ಕತ್ತರಿ ಚಿಮಟಿ, ಒಂದು ದಪ್ಪ ರಜಿಸ್ಟರು. ಇಷ್ಟೇ ಆಕೆಯ ಆಸ್ಪತ್ರೆ. ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ ಆ ರಜಿಸ್ಟರಿನಲ್ಲಿ ಆಕೆಯ ದುಂಡು ಅಕ್ಷರದಲ್ಲಿ ಬರುತ್ತಿದ್ದವು. ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ತೂಗಿ ಮುಂದಿನ ಸಾಲು ತುಂಬುತ್ತಿದ್ದಳು. ಮೇಲಿನವರು ಯಾರೂ ಅದನ್ನು ತೆರೆದು ನೋಡುತ್ತಿರಲಿಲ್ಲ. ಆಕೆ ಮಾತ್ರ ಒಂದು ಸಾಲನ್ನೂ ಕೂತಲ್ಲೇ ತುಂಬಿದವಳಲ್ಲ.

ಎಪ್ಪತ್ತೊಂದರ ಜನವರಿಯಲ್ಲಿ ಅರಳೆ ವ್ಯಾಪಾರಿ ನಿಜಗುಣಪ್ಪನ ಹೆಂಡತಿ ಚನ್ನವ್ವ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು. ಪದ್ಮವ್ವ ತಕ್ಕಡಿಯ ಜೋಳಿಗೆಯಲ್ಲಿ ಹಾಕಿದಾಗ ಮುಳ್ಳು ಒಂದು ಕಿಲೋ ಆರುನೂರು ಗ್ರಾಮಿಗೆ ನಿಂತಿತು. ಚರ್ಮ ಸಡಿಲವಾಗಿ, ತೊಡೆಯ ಮೇಲೆ ಮುದುಕರ ಕೈಯಂತೆ ನಿರಿಗೆಗಟ್ಟಿತ್ತು. ಚನ್ನವ್ವನ ಅತ್ತೆ ಸಾವಿತ್ರೆವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಇದೇನ ಕೂಸೋ, ಹಲ್ಲಿಮರಿಯೋ? ಉಳಿಯೂದಿಲ್ಲ ಬಿಡು."

"ಉಳೀತೈತ್ರಿ ಅವ್ವಾರ. ನಿಮ್ಮ ಅಟ್ಟದ ಮ್ಯಾಲಿನ ಹಸನ ಅರಳಿ ಒಂದೀಟ ಇಳಿಸಿ ಕೊಡ್ರಿ," ಎಂದಳು ಪದ್ಮವ್ವ.

ಕೂಸನ್ನು ಅರಳೆಯಲ್ಲಿ ಸುತ್ತಿ, ತಾಯಿಯ ಎದೆಗೇ ಕಟ್ಟಿದಳು. ಹೀರುವ ಶಕ್ತಿ ಇರಲಿಲ್ಲ. ತಾಯಿಯ ಹಾಲನ್ನೇ ಹಿಂಡಿ ಹನಿಹನಿಯಾಗಿ ಚಮಚದಲ್ಲಿ ಬಿಟ್ಟಳು. ನಲವತ್ತು ದಿನ ದಿನಕ್ಕೆ ಮೂರು ಹೊತ್ತು ಹೋಗಿ ಬಂದಳು. ಪ್ರತಿ ಸಲ ಆಕೆ ಎದ್ದು ಹೋದ ಮೇಲೆ ಆಳು ಬಂದು ಆಕೆ ಕೂತ ಜಾಗಕ್ಕೆ ನೀರು ಹಾಕಿ ಸಾರಿಸುತ್ತಿದ್ದಳು. ಒಮ್ಮೊಮ್ಮೆ ಇನ್ನೂ ಮೆಟ್ಟಿಲು ಇಳಿಯುತ್ತಿರುವಾಗಲೇ ಬೆನ್ನ ಹಿಂದೆ ಕೊಡದ ಸಪ್ಪಳ ಕೇಳುತ್ತಿತ್ತು. ಪದ್ಮವ್ವ ತಿರುಗಿ ನೋಡುತ್ತಿರಲಿಲ್ಲ. ಹೂಲಿಯಲ್ಲಿ ಅದು ಆಕೆಗೆ ಹೊಸದಲ್ಲ.

ಕೂಸು ಉಳಿಯಿತು. ಮಹಾನಂದಾ ಎಂದು ಹೆಸರಿಟ್ಟರು, ಕರೆಯುವುದು ಮಾನಂದಿ. ಚುರುಕಾದ ಹುಡುಗಿ. ಮೂರು ವರ್ಷಕ್ಕೆ ಮಾತೆಂದರೆ ಮಾತು, ಓಟವೆಂದರೆ ಓಟ. ಆದರೆ ತೂಕ ಒಂಬತ್ತೂವರೆ ಕಿಲೋ, ಎತ್ತರ ಎಂಬತ್ತಮೂರು ಸೆಂಟಿಮೀಟರು. ಕೈಕಾಲು ಕಡ್ಡಿ.

"ಸಣ್ಣ ಹುಟ್ಟಿದ ಕೂಸ್ರಿ. ತನ್ನ ಗತಿಯೊಳಗ ತಾ ಬೆಳೀತೈತಿ. ಪ್ರತಿ ಸಲ ಒಂದೀಟ ಮ್ಯಾಲ ಹೊಂಟೈತಿ ನೋಡ್ರಿ," ಎಂದು ಪದ್ಮವ್ವ ರಜಿಸ್ಟರು ತೋರಿಸುತ್ತಿದ್ದಳು. ಸಾವಿತ್ರೆವ್ವನಿಗೆ ರಜಿಸ್ಟರು ಬೇಕಿರಲಿಲ್ಲ. ಬೈಲಹೊಂಗಲದಲ್ಲಿ ಆಕೆಯ ತಂಗಿಯ ಮೊಮ್ಮಗ ಶಿಶು ಪ್ರದರ್ಶನದಲ್ಲಿ ಬಹುಮಾನ ಪಡೆದಿದ್ದ. ಮದುವೆ ಮುಂಜಿಗೆ ಹೋದಲ್ಲೆಲ್ಲ ಆ ಹುಡುಗನ ಗಲ್ಲ ಹಿಂಡುವ ಜನ, ಮಾನಂದಿಯನ್ನು ಕಂಡರೆ "ಮನ್ಯಾಗ ಉಣ್ಣಾಕ ಹಾಕಾಂಗಿಲ್ಲೇನ?" ಎಂದು ಕೇಳುತ್ತಿದ್ದರು. ಶ್ರೀಮಂತರ ಮನೆಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಸಾವಿತ್ರೆವ್ವ ಮೊಮ್ಮಗಳನ್ನು ಸವದತ್ತಿಗೆ ಕರೆದೊಯ್ದಳು. ಅಲ್ಲಿ ಪೇಟೆಯಲ್ಲಿ ಗಂಗಯ್ಯ ಎಂಬ ಡಾಕ್ಟರನ ಖಾಸಗಿ ದವಾಖಾನೆ. ಗೋಡೆಯ ತುಂಬ ಗುಂಡಗುಂಡಗಿನ ಮಕ್ಕಳ ಫೋಟೋ. ಆತ ಮಾನಂದಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದರ ಮೈಯಾಗ ಬೆಳಿಯೂ ರಸ ಕಡಿಮಿ ಐತಿ. ಹುಟ್ಟಿದಾಗನ ಸಣ್ಣದಿತ್ತಲ್ಲ, ಅದಕ್ಕ," ಎಂದ. ಒಂದು ಸಣ್ಣ ಶೀಶೆ ಕೊಟ್ಟ. ಎಳೆಗುಲಾಬಿ ಬಣ್ಣದ ಹನಿ, ಅನಾನಸಿನ ವಾಸನೆ. ದಿನಕ್ಕೆರಡು ಸಲ, ಇಷ್ಟಿಷ್ಟು ಹನಿ.

ಹನಿ ಎಣಿಸಿ ಹಾಕಲು ಚನ್ನವ್ವನಿಗೆ ಧೈರ್ಯ ಸಾಲಲಿಲ್ಲ. ಹೆಚ್ಚು ಕಡಿಮೆ ಆದರೆ? ಸಾವಿತ್ರೆವ್ವ ಪದ್ಮವ್ವನಿಗೆ ಹೇಳಿ ಕಳಿಸಿದಳು.

"ನೀ ಕಲತಾಕಿ. ನಿನ್ನ ಕೈಗುಣದಿಂದನ ಕೂಸು ಉಳದೈತಿ. ಮುಂಜಾನಿ ಸಂಜಿಗೆ ಬಂದು ನೀನ ಹಾಕು."

ಅಂದು ಮೊದಲ ಬಾರಿಗೆ ಆಕೆಯನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂಡ್ರಿಸಿದರು. ಚನ್ನವ್ವ ಚಹಾ ತಂದುಕೊಟ್ಟಳು, ಮನೆಯವರು ಕುಡಿಯುವ ಸ್ಟೀಲಿನ ಬಟ್ಟಲಲ್ಲಿ. ಪದ್ಮವ್ವ ಹೊರಟಾಗ ಬೆನ್ನ ಹಿಂದೆ ಕೊಡದ ಸಪ್ಪಳವಾಗಲಿಲ್ಲ. ಆ ಶೀಶೆಯೊಳಗೆ ಏನಿದೆ ಎಂದು ಆಕೆ ಕೇಳಲಿಲ್ಲ. ಮುಂದೆ ಎಷ್ಟೋ ವರ್ಷ ಆಕೆ ತನ್ನನ್ನು ತಾನು ಹಳಿದುಕೊಂಡದ್ದು ಇದೊಂದಕ್ಕೆ: ಒಂದು ಬಟ್ಟಲು ಚಹಾ ಬಾಯಿ ಮುಚ್ಚಿಸಿತಲ್ಲ ಎಂದು.

ಹನಿ ಕೆಲಸ ಮಾಡಿತು. ತಿಂಗಳೊಳಗೆ ಮಾನಂದಿಯ ಹಸಿವು ಹೆಚ್ಚಿತು. ತೋಳು ತೊಡೆ ತುಂಬಿಕೊಂಡವು. ಮೂರು ತಿಂಗಳಿಗೆ ಎರಡು ಕಿಲೋ ಏರಿತು. ಎತ್ತರವೂ ಒಮ್ಮೆಗೇ ಜಿಗಿಯಿತು. ಪದ್ಮವ್ವನ ರಜಿಸ್ಟರಿನಲ್ಲಿ ಅಂಥ ಏರಿಕೆ ಯಾವ ಕೂಸಿಗೂ ಇರಲಿಲ್ಲ. ಗಂಗಯ್ಯ ಡಾಕ್ಟರ ಆಕೆಯನ್ನು ಸವದತ್ತಿಗೆ ಕರೆಸಿ ಕುರ್ಚಿ ಕೊಟ್ಟು ಕೂಡ್ರಿಸಿದ.

"ನಿಮ್ಮಂಥಾ ಸಿಸ್ಟರ್ ಸಿಗೂದು ಅಪರೂಪ ನೋಡ್ರಿ. ನಿಮ್ಮೂರಾಗ ಸಣ್ಣ ಹುಟ್ಟಿದ ಕೂಸು ಇನ್ನ ಎಷ್ಟ ಅದಾವು? ಶೀಶೆ ನಾ ಕೊಡತೇನಿ, ಫುಕಟ. ನೀವು ಹಾಕ್ರಿ, ತೂಕ ಬರದು ತಂದು ತೋರಿಸ್ರಿ."

ಪದ್ಮವ್ವ ರಜಿಸ್ಟರು ತಿರುವಿದಳು. ಎರಡು ಕಿಲೋಗಿಂತ ಕಡಿಮೆ ಹುಟ್ಟಿ ಬದುಕಿದ್ದ ಮಕ್ಕಳು ಇನ್ನೂ ಆರು. ಆರೂ ಮನೆಗೆ ಶೀಶೆ ಒಯ್ದು ಕೊಟ್ಟಳು. ಅದರಲ್ಲೊಂದು ತನ್ನದೇ ಕೇರಿಯ ಕಾಡವ್ವನ ಮನೆ. ಕಾಡವ್ವ ಕೂಲಿಯವಳು, ಆಕೆಯ ಮಗಳು ಲಗಮವ್ವ ಮಾನಂದಿಗಿಂತ ಎರಡು ತಿಂಗಳು ಚಿಕ್ಕವಳು. ಹುಟ್ಟಿದಾಗ ಒಂದು ಕಿಲೋ ಎಂಟುನೂರು, ಈಗಲೂ ಎಲುಬಿನ ಹಂದರ.

"ಸರಕಾರದ್ದೇನ ಇದು?" ಎಂದು ಕಾಡವ್ವ ಕೇಳಿದಳು.

"ಸರಕಾರದ್ದಲ್ಲ. ಶಾಣ್ಯಾ ಡಾಕ್ಟರು ಕೊಟ್ಟಾರ. ಸಾಹುಕಾರರ ಮನ್ಯಾಗ ಹಾಕಾಕ ಹತ್ತೇನಿ," ಎಂದಳು ಪದ್ಮವ್ವ. ಅದನ್ನು ಹೆಮ್ಮೆಯಿಂದ ಹೇಳಿದಳು.

ಆ ನವೆಂಬರಿನಲ್ಲಿ ಬೈಲಹೊಂಗಲದ ಒಂದು ಸಭಾಗೃಹದಲ್ಲಿ ಶಿಶು ಪ್ರದರ್ಶನ. ಹಾಲಿನ ಪುಡಿ ಮಾರುವವರ ಬ್ಯಾನರು, ಮೈಕಿನಲ್ಲಿ ಭಾಷಣ, ಬೆಂಚಿನ ಮೇಲೆ ಸಾಲಾಗಿ ಚಡ್ಡಿ ಬಿಟ್ಟು ಏನೂ ಇಲ್ಲದ ಮಕ್ಕಳು. ಎಣ್ಣೆ ಹಚ್ಚಿ ಹೊಳೆಯಿಸಿದ ಮೈ. ಪರೀಕ್ಷೆ ಮಾಡುವವರಲ್ಲಿ ಗಂಗಯ್ಯನೂ ಒಬ್ಬ. ಸಂತೆಯಲ್ಲಿ ಹೋರಿ ನೋಡುವವರಂತೆ ಮಕ್ಕಳ ತೊಡೆ ಹಿಂಡುತ್ತ, ಗಲ್ಲ ಎಳೆಯುತ್ತ, "ಭಲೆ, ಭಲೆ" ಎನ್ನುತ್ತ ಸಾಗಿದ. ಹಿಂಡಿಸಿಕೊಂಡ ಮಕ್ಕಳು ಅತ್ತವು. ತಾಯಂದಿರು ನಕ್ಕರು.

ಮಾನಂದಿಯನ್ನು ಸಿಂಗಾರ ಮಾಡಿ ತಂದಿದ್ದರು. ಮುಖದ ತುಂಬ ದಪ್ಪಗೆ ಪೌಡರು. ತೂಗಲೆಂದು ಅವರ ಜೊತೆ ಬಂದಿದ್ದ ಪದ್ಮವ್ವ ತಕ್ಕಡಿಗೆ ಏರಿಸಲು ಆಕೆಯನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟಳು.

ಮೂರು ವರ್ಷ ಹತ್ತು ತಿಂಗಳ ಕೂಸಿನ ಮೈಯಿಂದ ದೊಡ್ಡವರ ಬೆವರಿನ ವಾಸನೆ ಬರುತ್ತಿತ್ತು. ದಿನವಿಡೀ ಹೊಲದಲ್ಲಿ ದುಡಿದು ಬಂದ ಗಂಡಾಳಿನ ಕಂಕುಳ ವಾಸನೆ. ಪೌಡರಿನ ಕೆಳಗೆ ಗಲ್ಲದ ಮೇಲೆ ಹದಿನಾರು ವರ್ಷದ ಹುಡುಗರಿಗೆ ಏಳುವಂಥ ಮೊಡವೆ. ಮೇಲ್ದುಟಿಯ ಅಂಚಿಗೆ ಕೆಂಪಗೆ ಉರಿದ ಗುರುತು. ಪದ್ಮವ್ವ ಹೆಬ್ಬೆರಳಿನಿಂದ ಪೌಡರು ಒರೆಸಿದಳು. ಕೂದಲು ಕಿತ್ತ ಗುರುತು ಅದು.

"ಆಯಿ ಬೂದಿ ಹಚ್ಚಿ ಕಿತ್ತಾಳ. ಉರಿತೈತಿ," ಎಂದಿತು ಕೂಸು. ದನಿ ಒಡೆದು ಗೊಗ್ಗರಾಗಿತ್ತು. ನೆಗಡಿ ಆಗಿದೆ ಎಂದು ಚನ್ನವ್ವ ಹದಿನೈದು ದಿನದಿಂದ ಹೇಳುತ್ತಿದ್ದಳು, ಪದ್ಮವ್ವ ನಂಬಿದ್ದಳು. ಹನಿ ಹಾಕಲು ಹೋದಾಗಲೂ ಈಚೆಗೆ ಸಾವಿತ್ರೆವ್ವ ಕೂಸಿಗೆ ಪೌಡರು ಮೆತ್ತಿ ತನ್ನ ತೊಡೆಯ ಮೇಲೆಯೇ ಹಿಡಿದಿರುತ್ತಿದ್ದಳು.

ಸಾವಿತ್ರೆವ್ವ ಓಡಿಬಂದು ಕೈಯಿಂದ ಕೂಸನ್ನು ಕಿತ್ತುಕೊಂಡಳು. "ಪೌಡರ ಯಾಕ ಒರಸ್ತಿ? ಸುಮ್ಮನ ತಕ್ಕಡಿಗೆ ಹಾಕು."

ಮಾನಂದಿಗೆ ಎರಡನೆಯ ಬಹುಮಾನ ಬಂತು. ಗಂಗಯ್ಯ ಆಕೆಯನ್ನು ಎತ್ತಿ ಜನರಿಗೆ ತೋರಿಸಿದ. ಚಪ್ಪಾಳೆ ಬಿತ್ತು. ಪದ್ಮವ್ವ ಸಭಾಗೃಹದ ಹಿಂದೆ ಹೋಗಿ ಗೋಡೆ ಹಿಡಿದು ಕಾರಿಕೊಂಡಳು. ಬಾಣಂತಿಯರ ಹೊಲಸಿಗೆ ಒಂದು ದಿನವೂ ತಿರುಗದ ಹೊಟ್ಟೆ, ಅಂದು ತಿರುಗಿ ತಿರುಗಿ ಬಂತು. ಕಾರಿದ್ದರಲ್ಲೂ ಅನಾನಸಿನ ವಾಸನೆ ಇದೆ ಎನ್ನಿಸಿ ಮತ್ತೆ ಕಾರಿಕೊಂಡಳು. ಮುದುಕಿಗೆ ಎಲ್ಲ ಗೊತ್ತಿತ್ತು. ಕಂಡಿದ್ದಳು, ಕಿತ್ತಿದ್ದಳು, ಪೌಡರು ಮೆತ್ತಿ ತಂದಿದ್ದಳು, ಹನಿ ಮಾತ್ರ ನಿಲ್ಲಿಸಿರಲಿಲ್ಲ.

ಮರುದಿನ ಆಕೆ ಸವದತ್ತಿಗೆ ಹೋಗಿ ಡಾಕ್ಟರನ ಮುಂದೆ ನಿಂತಳು. ಕುರ್ಚಿ ಕೊಟ್ಟರೂ ಕೂಡ್ರಲಿಲ್ಲ.

"ಸಾಹೇಬರ, ಆ ಹುಡುಗಿಗೆ ಮೀಸಿ ಬರಾಕ ಹತ್ಯಾವು."

ಗಂಗಯ್ಯ ನಕ್ಕ. "ರಕ್ತ ಚೊಲೊ ಆತು ಅಂದ್ರ ಕೂದಲಾನೂ ಬರ್ತಾವು. ಹೆಣಮಕ್ಕಳಿಗೆ ಅರಿಷಿಣ ಹಚ್ಚಂತ ಹೇಳ್ರಿ. ಮೈ ತುಂಬೈತಿಲ್ಲೋ? ಮೈ ತುಂಬೂದ ಬೇಕಿತ್ತು ಅವರಿಗೆ."

"ದನಿ ಗಂಡಸರಂಗ ಆಗೈತ್ರಿ."

"ನೀವು ಏಳನೆತ್ತಾ ಕಲತು ಬಂದು ನನಗ ಹೇಳಾಕ ಹತ್ತೀರೇನು?" ಎಂದ ಆತ, ನಗು ನಿಲ್ಲಿಸದೆ. ಒಳಗಿನಿಂದ ಇನ್ನೊಂದು ಡಜನ್ ಶೀಶೆ ತಂದು ಮೇಜಿನ ಮೇಲಿಟ್ಟ. ಪದ್ಮವ್ವ ಮುಟ್ಟಲಿಲ್ಲ.

ಹೂಲಿಗೆ ಬಂದವಳು ಚನ್ನವ್ವನನ್ನು ಹಿತ್ತಲಿಗೆ ಕರೆದು ಕೇಳಿದಳು. "ಹುಬ್ಬಳ್ಳಿಗೆ ಹೋಗೂಣು ಬರ್ತೀಯೇನು? ದೊಡ್ಡಾಸ್ಪತ್ರಿಗೆ." ಚನ್ನವ್ವ ಅಳುತ್ತ ಹೂಂ ಎಂದಳು. ಆಕೆಯೂ ರಾತ್ರಿ ಮಗಳ ಗೊರಕೆ ಕೇಳಿ ಹೆದರಿದ್ದಳು. ತವರಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ, ಮಗಳನ್ನು ಕಟ್ಟಿಕೊಂಡು ಸವದತ್ತಿಯಲ್ಲಿ ಧಾರವಾಡದ ಬಸ್ಸು ಹತ್ತಿದಳು. ಪದ್ಮವ್ವ ಹಿಂದಿನ ಸೀಟಿನಲ್ಲಿ ಕೂತಳು.

ಹುಬ್ಬಳ್ಳಿಯಲ್ಲಿ ಮಕ್ಕಳ ವಿಭಾಗದ ಡಾಕ್ಟರಬಾಯಿ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ. ಮಾನಂದಿಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಎಡಗೈ ಮುಂಗೈಯ ಎಕ್ಸ್‌ರೇ ತೆಗೆಸಿದಳು. ಶೀಶೆಯ ಚೀಟಿ ಓದಿದಳು. ಓದಿದ ಮೇಲೆ ಅವಳ ಮುಖ ಹುಳಿ ಕಚ್ಚಿದಂತಾಯಿತು.

"ಇದನ್ನ ಯಾರು ಹಾಕಿದ್ರು?"

ಚನ್ನವ್ವ ಪದ್ಮವ್ವನ ಕಡೆ ನೋಡಿದಳು.

"ನಾನ್ರಿ," ಎಂದಳು ಪದ್ಮವ್ವ. "ಆರು ತಿಂಗಳು. ದಿನಾ ಎರಡ ಹೊತ್ತು."

ಡಾಕ್ಟರಬಾಯಿ ಬಯ್ಯಲಿಲ್ಲ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಈ ಕೂಸಿಗೆ ನಾಕ ವರ್ಷ. ಎಲುಬಿಗೆ ಏಳ ವರ್ಷ. ಇದರೊಳಗ ಇರೂದು ಗಂಡಸರ ಮೈಯಾಗ ಹುಟ್ಟೂ ರಸದ ಜಾತಿ, ಕಾರಖಾನ್ಯಾಗ ಮಾಡಿದ್ದು. ಮಾಂಸ ಏರಸ್ತೈತಿ, ಎಲುಬನ್ನ ಬೆನ್ನಟ್ಟಿ ಓಡಸ್ತೈತಿ. ಮೊದಲ ಭರಾಭರಾ ಬೆಳದಂಗ ಕಾಣಸ್ತೈತಿ. ಆಮ್ಯಾಲ ಎಲ್ಲಾರಕಿಂತ ಮೊದಲ ಎಲುಬು ಕೂಡಿ ಬೆಳಿಯೂದು ನಿಂತಬಿಡ್ತೈತಿ."

"ಬೆಳಿಯೂ ರಸ ಕಡಿಮಿ ಐತಿ ಅಂದಿದ್ರಲ್ರಿ ಅವರು," ಎಂದಳು ಚನ್ನವ್ವ.

"ರಕ್ತಾ ತಗದು ನೋಡಿದ್ರೇನು?"

"ಇಲ್ರಿ. ತೋಳು ಹಿಡದು ನೋಡಿದ್ರು."

ಡಾಕ್ಟರಬಾಯಿ ಕುರ್ಚಿ ಎಳೆದುಕೊಂಡು ಕೂತಳು. "ಕೇಳ್ರಿ ಇಲ್ಲೆ. ಬೆಳಿಯೂ ರಸ ಅಂಬೂದು ಖರೇನ ಐತಿ. ಮಿದುಳಿನ ಬುಡಕ್ಕ ಕಡ್ಲಿಕಾಳಿನಷ್ಟ ಒಂದ ಗಂಟೈತಿ, ಅಲ್ಲಿಂದ ಅದು ರಕ್ತಕ್ಕ ಇಳೀತೈತಿ. ಆದ್ರ ಸಣ್ಣ ಹುಟ್ಟಿದ ಕೂಸುಗಳ ರಕ್ತದಾಗ ಅದು ಕಡಿಮಿ ಇರೂದಿಲ್ಲ. ಹುಟ್ಟಿದ ಹೊಸದರಾಗ ಜಾಸ್ತಿನ ಇರ್ತೈತಿ ಅಂತ ತಗದು ನೋಡಿದವರು ಬರದಾರ. ಉಣ್ಣಾಕ ಇಲ್ಲದ ಸೊರಗಿದ ಮಕ್ಕಳಿಗೂ ಹಂಗ. ರಸ ಬೆಳಿ ಬೆಳಿ ಅಂತ ಹೇಳತಿರ್ತೈತಿ, ಬೆಳಿಯಾಕ ಮೈಯಾಗ ಸಾಮಾನ ಇರಾಂಗಿಲ್ಲ. ಕೊಬ್ಬು ಬಾಳ ಹತ್ತಿದ ಮಕ್ಕಳ ರಕ್ತದಾಗ ನೋಡಿದ್ರ ಕಡಿಮಿ. ತೋಳು ದಪ್ಪ ಆತು ಅಂದ್ರ ರಸ ಹೆಚ್ಚಾತು ಅಂತ ತಿಳಿಯೂದು ಉಲ್ಟಾ ಲೆಕ್ಕ. ಲಕ್ಷದೊಳಗ ಬೆರಳೆಣಿಕಿ ಮಕ್ಕಳಿಗೆ ಖರೇನ ಆ ಗಂಟು ಕೆಲಸಾ ಮಾಡಾಂಗಿಲ್ಲ. ನಿಮ್ಮ ಮಗಳು ಅವರೊಳಗಿನಾಕಿ ಅಲ್ಲ. ತಿಂಗಳ ಮೊದಲ ಹುಟ್ಟಿದ ಚೊಲೊ ಕೂಸು. ಬಿಟ್ಟಿದ್ರ ಸಾವಕಾಶ ಬೆಳೀತಿತ್ತು."

"ಪದ್ಮಕ್ಕ ಹಂಗ ಹೇಳತಿದ್ಲು," ಎಂದಳು ಚನ್ನವ್ವ. ಹೇಳಿ, ಮಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಪದ್ಮವ್ವನಿಂದ ದೂರಕ್ಕೆ. "ಹಂಗ ಹೇಳಿ ಹೇಳಿ, ತಾನ ಹಾಕಿದ್ಲು."

ಹನಿ ನಿಲ್ಲಿಸಿದರೆ ಮೊಡವೆ ವಾಸನೆ ಇಳಿಯುತ್ತವೆ, ದನಿ ತಿರುಗಿ ಬರುವುದಿಲ್ಲ, ಎತ್ತರ ಎಷ್ಟು ಹೋಯಿತೋ ಕಾದು ನೋಡಬೇಕು ಎಂದಳು ಡಾಕ್ಟರಬಾಯಿ. ವರ್ಷಕ್ಕೊಮ್ಮೆ ಅಳೆದು ಬರೆದಿಡಿ ಎಂದಳು.

ಪದ್ಮವ್ವ ಹೂಲಿಗೆ ಬಂದ ದಿನವೇ ಸಾವಿತ್ರೆವ್ವನ ಮನೆಗೆ ಹೋದಳು. ಸಾವಿತ್ರೆವ್ವ ಎಂದಿನಂತೆ ಚಾಪೆ ಹಾಸಿಸಿ ಚಹಾ ತರಿಸಿದಳು. ಪದ್ಮವ್ವ ಬಟ್ಟಲು ಹಿಡಿಯಲಿಲ್ಲ. ನಿಂತೇ ಎಲ್ಲ ಹೇಳಿದಳು. ಮುದುಕಿ ಕೇಳಿಸಿಕೊಂಡಳು.

"ಕೂದಲಾ ಕಿತ್ತರ ಹೋಗ್ತಾವು. ಮೈ ಎಲ್ಲಿ ಸಿಗ್ತೈತಿ? ಇನ್ನೊಂದೆರಡ ಶೀಶೆ ಹಾಕಿ ಆಮ್ಯಾಲ ಬಿಡೂಣು. ಮಾಘದಾಗ ನಮ್ಮ ತಂಗಿ ಮಗಳ ಲಗ್ನ ಐತಿ. ಎಲ್ಲಾರೂ ಬರ್ತಾರ."

"ಅವ್ವಾರ, ಅದು ಕೂಸ್ರಿ. ಕುರಿ ಅಲ್ಲ."

"ಯಾರ ಮುಂದ ಮಾತಾಡ್ತಿ ಅಂಬೂದು ಖಬರ ಇರಲಿ," ಎಂದಳು ಸಾವಿತ್ರೆವ್ವ. ಪದ್ಮವ್ವ ಗೂಡಿನಲ್ಲಿದ್ದ ಶೀಶೆ ತೆಗೆದುಕೊಂಡು ಹೊರಗೆ ಬಂದು, ಎಲ್ಲರಿಗೂ ಕಾಣುವಂತೆ ಮನೆಯ ಮುಂದಿನ ಗಟಾರಕ್ಕೆ ಸುರಿದಳು. ಬೆನ್ನ ಹಿಂದೆ ಪಡಸಾಲೆಗೆ ನೀರು ಹೊಯ್ಯುವ ಸಪ್ಪಳ ಮತ್ತೆ ಕೇಳಿತು. ಆ ನೀರಿನ ಸಪ್ಪಳಕ್ಕೆ ಅಂದು ಆಕೆಗೆ ಕೋಪ ಬರಲಿಲ್ಲ. ತಾನೂ ಆ ಮನೆಯನ್ನು ಮೈಯಿಂದ ತೊಳೆದುಕೊಳ್ಳಬೇಕು ಅನ್ನಿಸಿತು, ಅಷ್ಟೇ.

ಉಳಿದ ಮನೆಗಳಿಗೆ ಹೋದಳು. ನಾಲ್ಕು ಮನೆಯವರು ಶೀಶೆ ಕೊಟ್ಟರು. ಒಬ್ಬ ಅಪ್ಪ ಕೊಡಲೇ ಇಲ್ಲ; ತನ್ನ ಮಗ ಈಗ ಪೈಲವಾನನಂತೆ ಆಗಿದ್ದಾನೆ, ನಿನ್ನ ಕಣ್ಣು ಹತ್ತೀತು ಎಂದು ಬಾಗಿಲು ಹಾಕಿಕೊಂಡ. ಕಡೆಗೆ ಕಾಡವ್ವನ ಗುಡಿಸಲಿಗೆ ಹೋದಳು. ಲಗಮವ್ವ ಬಾಗಿಲಲ್ಲಿ ಕೂತು ಹುಣಸೆ ಬೀಜ ಆಡುತ್ತಿದ್ದಳು. ಅದೇ ಎಲುಬಿನ ಹಂದರ, ಅದೇ ತೆಳ್ಳನೆಯ ಮುಖ. ಪದ್ಮವ್ವ ಮೊದಲು ಮೇಲ್ದುಟಿ ನೋಡಿದಳು. ಏನೂ ಇರಲಿಲ್ಲ.

"ಶೀಶೆ ಎಲ್ಲೈತಿ ಕಾಡಕ್ಕ?"

ಕಾಡವ್ವ ಹೆದರಿದಳು. "ಸಿಟ್ಟಾಗಬ್ಯಾಡ. ಚೆಲ್ಲಿಬಿಟ್ಟೆ. ಇಪ್ಪತ್ತ ದಿನಾ ಹಾಕಿದೆ. ಹಸಿವಿ ಹಸಿವಿ ಅಂತ ನೆಲಾ ಕೆರದು ಅಳಾಕ ಹತ್ತಿದ್ಲು. ಇದ್ದ ಒಂದ ರೊಟ್ಟಿ ಆಕೀಗೆ ಹಾಕಿದ್ರೂ ಸಾಲಲಿಲ್ಲ. ಇಲ್ಲದ ಮನ್ಯಾಗ ಹಸಿವಿ ಹೆಚ್ಚಮಾಡೂ ಔಷಧ ಯಾಕ ಕೊಡತಾರಂತ ಬಚ್ಚಲಕ್ಕ ಸುರುವಿದೆ. ನಿನ್ನ ಮುಂದ ಹಾಕಾಕ ಹತ್ತೇನಿ ಅಂತ ಸುಳ್ಳ ಹೇಳಿದೆ."

ಪದ್ಮವ್ವ ಹೊಸ್ತಿಲಲ್ಲಿ ಕೂತಳು. ಈ ಹುಡುಗಿಯ ತೂಕ ಏರಲಿಲ್ಲವೆಂದು ತಿಂಗಳ ಹಿಂದೆ ತಾನೇ ಕಾಡವ್ವನನ್ನು ಬಯ್ದಿದ್ದಳು. ಸಾಲೆಯ ಮೆಟ್ಟಿಲು ಹತ್ತದ ಈ ಹೆಂಗಸಿಗೆ ಇಪ್ಪತ್ತು ದಿನದಲ್ಲಿ ತಿಳಿದದ್ದು ತನಗೆ ಆರು ತಿಂಗಳಾದರೂ ತಿಳಿಯಲಿಲ್ಲ. ಹಸಿದ ಮನೆಗೆ ಹಸಿವಿನ ಹನಿ ಒಯ್ದು ಕೊಟ್ಟು ಬಂದಿದ್ದೆನಲ್ಲ ಎಂದು ತನ್ನ ಕೈಯನ್ನೇ ನೋಡಿಕೊಂಡಳು.

ಆ ವಾರ ಆಕೆ ರಜಿಸ್ಟರು ತೆರೆದು, ಏಳು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ಬರೆದಳು: ಯಾವ ಔಷಧ, ಯಾರು ಕೊಟ್ಟರು, ಯಾರು ಹಾಕಿದರು, ಮೈಯಲ್ಲಿ ಏನೇನಾಯಿತು. "ಹಾಕಿದವರು" ಎಂಬಲ್ಲಿ ಮಾನಂದಿಯ ಹೆಸರಿಗೆ ತನ್ನ ಸಹಿ ಹಾಕಿದಳು. ಅದನ್ನೇ ನಕಲು ಮಾಡಿ ಮೇಲಿನ ಸಾಹೇಬರಿಗೆ ಅಂಚೆಯಲ್ಲಿ ಕಳಿಸಿದಳು.

ಎರಡು ತಿಂಗಳಿಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ಆತನ ಜೊತೆ ಗಂಗಯ್ಯನೂ ಇದ್ದ. ಇಬ್ಬರೂ ನಿಜಗುಣಪ್ಪನ ಮನೆಯಲ್ಲಿ ಹೋಳಿಗೆ ಉಂಡು, ಬಾಯಿ ಒರೆಸಿಕೊಳ್ಳುತ್ತ ಆಕೆಯ ಕೋಣೆಗೆ ಬಂದರು.

"ಸರಕಾರಿ ನೌಕರಿ ಮಾಡಕೋತ ಖಾಸಗಿ ಔಷಧ ಯಾಕ ಹಾಕಿದ್ರಿ?" ಎಂದು ಅಧಿಕಾರಿ ಕೇಳಿದ.

"ತಪ್ಪಾತ್ರಿ. ಅದನ್ನ ನಾನ ಬರದು ಕಳಿಸೇನಿ. ಆದ್ರ ಕೊಟ್ಟವರು ನಿಮ್ಮ ಬಾಜೂಕ ನಿಂತಾರ."

ಗಂಗಯ್ಯ ಕೆಮ್ಮಿದ. "ನಾ ಈ ಬಾಯಿಗೆ ಏನೂ ಕೊಟ್ಟಿಲ್ರಿ. ಆಕೀನ ತೂಕದ ಪಟ್ಟಿ ತಂದು ಕೊಟ್ಟಾಳ, ಆಕೀ ಕೈಬರಹ ಐತಿ. ಕೂಸುಗಳು ಚೊಲೊ ಆಗ್ಯಾವು ಅಂತ ಬರದಾಳ. ಅದನ್ನ ಔಷಧದ ಕಂಪನಿಯವರೂ ಮೆಚ್ಯಾರ."

ಪದ್ಮವ್ವನ ಪ್ರಾಮಾಣಿಕ ಅಕ್ಷರಗಳೇ ಆ ಹನಿಯ ಜಾಹೀರಾತಾಗಿದ್ದವು. ಆತ ಅದನ್ನು ಹೇಳುವಾಗ ಹಲ್ಲಿನ ಸಂದಿಯಲ್ಲಿ ಸಿಕ್ಕ ಹೂರಣವನ್ನು ಕಿರುಬೆರಳ ಉಗುರಿನಿಂದ ತೆಗೆದು ನೋಡುತ್ತಿದ್ದ. ಆ ಉಗುರು, ಆ ಹೂರಣ, ಆ ನಗುಮುಖ ಆಕೆಯ ಕಣ್ಣಿನಿಂದ ವರ್ಷಗಟ್ಟಲೆ ಹೋಗಲಿಲ್ಲ.

ಆಕೆಗೆ ರಾಮದುರ್ಗ ತಾಲೂಕಿಗೆ ವರ್ಗವಾಯಿತು. ಗಂಗಯ್ಯನ ದವಾಖಾನೆಗೆ ಮುಂದಿನ ವರ್ಷ ಮಹಡಿ ಬಂತು. ಶಿಶು ಪ್ರದರ್ಶನದಲ್ಲಿ ಆತನಿಗೆ ಶಾಲು ಹೊದಿಸಿದರು. ಹನಿ ಸಂತೆಯೂರುಗಳ ಅಂಗಡಿಗಳಲ್ಲೂ ಸಿಗತೊಡಗಿತು. ರಾಮದುರ್ಗದ ಕಡೆ ಹಳ್ಳಿಗಳಲ್ಲಿ ಪದ್ಮವ್ವ ಆ ಶೀಶೆ ಕಂಡಲ್ಲೆಲ್ಲ ಕಿತ್ತುಕೊಂಡು ಒಡೆಯುತ್ತಿದ್ದಳು. ನಾಲ್ಕು ಕಡೆ ಬೈಸಿಕೊಂಡಳು, ಒಂದು ಕಡೆ ಹೊಡೆಸಿಕೊಂಡಳು. ಬರುಬರುತ್ತ ಆಕೆಗೆ ದುಂಡು ಮಕ್ಕಳ ಕ್ಯಾಲೆಂಡರನ್ನೂ ನೋಡಲಾಗದೆ ಹೋಯಿತು. ಯಾರಾದರೂ ಕೂಸಿನ ಗಲ್ಲ ಹಿಂಡಿದರೆ "ಬಿಡ್ರಿ, ಅದು ಮಾವಿನಹಣ್ಣಲ್ಲ" ಎಂದು ಗದರುತ್ತಿದ್ದಳು. ಸಿಡುಕಿ ನರ್ಸಬಾಯಿ ಎಂದು ಹೆಸರಾಯಿತು.

ಎಪ್ಪತ್ತಾರರಲ್ಲಿ, ಒಂದು ಮಧ್ಯಾಹ್ನ, ಪದ್ಮವ್ವ ಆಗ ಇದ್ದ ರಾಮದುರ್ಗದ ಕಡೆಯ ಹಳ್ಳಿಗೆ ಬಸ್ ನಿಲ್ದಾಣದಿಂದ ಚನ್ನವ್ವ ನಡೆದುಕೊಂಡು ಬಂದಳು. ಕೈ ಹಿಡಿದುಕೊಂಡು ಮಾನಂದಿ. ಬಿಸಿಲಿಗೆ ಇಬ್ಬರ ಮುಖವೂ ಕೆಂಪಾಗಿತ್ತು. ಪದ್ಮವ್ವ ಗಾಬರಿಯಾಗಿ ಎದ್ದು ನಿಂತಳು.

"ಅಳತಿ ಮಾಡು," ಎಂದಳು ಚನ್ನವ್ವ. "ಹುಬ್ಬಳ್ಳಿ ಡಾಕ್ಟರಬಾಯಿ ವರ್ಷಕ್ಕೊಮ್ಮಿ ಅಂದಿದ್ಲಲ್ಲ."

"ಸವದತ್ತ್ಯಾಗ, ಮುರಗೋಡದಾಗ ಯಾರೂ ಇರಲಿಲ್ಲೇನು?"

"ಅದಾರ. ಟೇಪು ನೋಡದನ ಚೊಲೊ ಆಗ್ಯಾಳ ಅಂತಾರ. ನಿನ್ನ ಮಾರಿ ನೋಡಿದ್ರ ನನಗ ಈಗೂ ಹೇಸಿಗಿ ಬರ್ತೈತಿ ಪದ್ಮಕ್ಕ. ಸುಳ್ಳ ಹೇಳೂದಿಲ್ಲ. ಆದ್ರ ನೀ ಅಳತಿ ಸುಳ್ಳ ಬರಿಯಾಕಿ ಅಲ್ಲ."

"ನನಗೂ ಬರ್ತೈತಿ," ಎಂದಳು ಪದ್ಮವ್ವ, ಮತ್ತು ಹುಡುಗಿಯನ್ನು ಗೋಡೆಗೆ ನಿಲ್ಲಿಸಿದಳು.

ಅಂದಿನಿಂದ ಪ್ರತಿ ವರ್ಷ ಜಾತ್ರೆಗೆ ಹೋಗುವವಳಂತೆ ಚನ್ನವ್ವ ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಅಳತೆ ಮುಗಿದೊಡನೆ ಹೊರಡುತ್ತಿದ್ದಳು. ಮೊದಲೆರಡು ವರ್ಷ ಹುಡುಗಿ ಓರಗೆಯವರಿಗಿಂತ ಎತ್ತರವೇ ಇದ್ದಳು. ಆಮೇಲೆ ಏರಿಕೆ ಕುಗ್ಗುತ್ತ ಬಂತು. ಎಪ್ಪತ್ತೆಂಟರಲ್ಲಿ ನಾಲ್ಕು ಸೆಂಟಿಮೀಟರು, ಎಪ್ಪತ್ತೊಂಬತ್ತರಲ್ಲಿ ಎರಡೂವರೆ. ಅದೇ ವರ್ಷ ಪದ್ಮವ್ವ ಹೂಲಿಗೆ ಒಂದು ಸಾವಿಗೆ ಹೋದಾಗ ಲಗಮವ್ವನನ್ನು ಕಂಡಿದ್ದಳು. ಸಣಕಲು ಹುಡುಗಿ, ಮೊಳಕಾಲು ಚಿಪ್ಪು ಎದ್ದು ಕಾಣುತ್ತವೆ, ಆದರೆ ತಾಯಿಯ ಹೆಗಲ ಹತ್ತಿರ ಬಂದಿದ್ದಾಳೆ, ಇನ್ನೂ ಏರುತ್ತಿದ್ದಾಳೆ.

ಎಪ್ಪತ್ತೊಂಬತ್ತರ ಆ ಭೇಟಿಯಲ್ಲಿ ಮಾನಂದಿ ಟೇಪಿನ ಅಂಕಿಯನ್ನು ತಾನೇ ಓದಿದಳು. ಆಗ ಆಕೆಗೆ ಎಂಟು ದಾಟಿ ಒಂಬತ್ತು ನಡೆಯುತ್ತಿತ್ತು. ದನಿ ದಪ್ಪ, ಒಣಗಿದ ಗಂಡುದನಿ. ಸಾಲೆಯಲ್ಲಿ ಪ್ರಾರ್ಥನೆಗೆ ಆಕೆಯನ್ನು ಹಿಂದಿನ ಸಾಲಿಗೆ ನಿಲ್ಲಿಸುತ್ತಾರೆ ಎಂದು ಚನ್ನವ್ವ ಹೇಳಿದ್ದಳು.

"ಇನ್ನ ಎಷ್ಟ ಬೆಳೀತೇನ್ರಿ ನಾ?" ಎಂದು ಹುಡುಗಿ ಕೇಳಿದಳು.

ಚನ್ನವ್ವ ಬೇಡವೆಂಬಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಪದ್ಮವ್ವ ಹುಡುಗಿಯ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಬಾಳ ಇಲ್ಲವ್ವ. ಒಂದ ಗೇಣಿನ ಒಳಗನ. ಹೆಚ್ಚಿಗಿ ಇಲ್ಲ."

"ನಿಮ್ಮ ಔಷಧದಿಂದೇನ್ರಿ?"

"ಹೌದು. ನಾ ಹಾಕಿದ ಔಷಧದಿಂದ."

ಹುಡುಗಿ ಗೋಡೆಯ ಮೇಲೆ ಪೆನ್ಸಿಲಿನ ಗುರುತನ್ನು ನೋಡಿದಳು. ಅದರ ಮೇಲೆ ತನ್ನ ಗೇಣು ಇಟ್ಟು ಅಳೆದಳು. ತೃಪ್ತಿಯಾಗದೆ ಪದ್ಮವ್ವನ ಕೈ ಎಳೆದು ತಂದು ಆಕೆಯ ಗೇಣು ಇಡಿಸಿದಳು, ಅಲ್ಲೊಂದು ಗೆರೆ ಎಳೆದಳು.

"ಹಂಗಾರ ಕರೀ ಫಳಿ ಮ್ಯಾಲ ತುದೀಗೆ ಬರಿಯಾಕ ನನಗ ಸ್ಟೂಲ ಬೇಕಾಗ್ತೈತಿ. ನಾ ಮಾಸ್ತರಬಾಯಿ ಆಗಾಕಿ," ಎಂದಳು ಆ ದಪ್ಪ ದನಿಯಲ್ಲಿ. "ನನ್ನ ದನಿ ಕಡೀ ಬಾಕಿನ ತನಕಾ ಕೇಳಸ್ತೈತಿ. ನಮ್ಮ ಸಾಲಿ ಅಕ್ಕೋರದು ಕೇಳಸೂದಿಲ್ಲ."

ಚನ್ನವ್ವ ಮಗಳ ರಟ್ಟೆ ಹಿಡಿದು, "ನಡಿ, ಬಸ್ ತಪ್ಪತೈತಿ," ಎಂದಳು. ಅಂಗಳ ದಾಟುವಾಗ ಹುಡುಗಿ ಇನ್ನೂ ಸ್ಟೂಲಿನ ಎತ್ತರ ಎಷ್ಟಿರಬೇಕು ಎಂದು ತಾಯಿಗೆ ಹೇಳುತ್ತಲೇ ಇದ್ದಳು. ಆ ದನಿ ಓಣಿಯ ತಿರುವಿನವರೆಗೂ ಸ್ಪಷ್ಟವಾಗಿ ಕೇಳಿತು. ಒಳಗೆ ಒಬ್ಬಳು ಬಸುರಿ ಆಗಲೇ ಬಂದು ಕೂತಿದ್ದಳು. ಪದ್ಮವ್ವ ಮಾನಂದಿಯ ಅಂದಿನ ಅಳತೆ ಬರೆದು, ತಾರೀಖು ಹಾಕಿ, ಬಸುರಿಯ ಹೆಸರು ಕೇಳಿದಳು.